ಬೀರೂರಿಗೆ ಬಂದ ಮಳೆ ಕಡೂರಿಗೆ ಏಕೆ ಬರಲಿಲ್ಲ?

ಚಿಕ್ಕಮಗಳೂರು ಜಿಲ್ಲೆಯ ಕಡೂರಿಗೂ ಬೀರೂರಿಗೂ ನಡುವೆ ಇರುವುದು ಆರು ಕಿಲೋಮೀಟರ್. ಹಾಗಿದ್ದರೂ ಏಪ್ರಿಲ್ ಕೊನೆಯ ಸಂಜೆಗಳಲ್ಲಿ ಬೀರೂರಿನ ಚರಂಡಿಗಳು ಉಕ್ಕಿ ಹರಿಯುತ್ತಿರುವ ಹೊತ್ತಿಗೆ ಕಡೂರಿನ ಅಂಗಡಿಯವರು ಕಣ್ಣಿಗೆ ಬಿದ್ದ ಧೂಳು ಒರೆಸಿಕೊಳ್ಳುತ್ತಾ ನಿಂತಿರುವುದುಂಟು. ಮರುದಿನ ಅದೇ ಕಡೂರಿನಲ್ಲಿ ಆಲಿಕಲ್ಲು. ಅದರ ಮರುದಿನ ಬೆಳಿಗ್ಗೆ ಮುದುಕರು ಮಫ್ಲರ್ ಹುಡುಕುವಷ್ಟು ತಂಪು. ಮತ್ತೊಂದು ದಿನ ಕಳೆದರೆ ಫ್ಯಾನಿನ ಕೆಳಗೆ ಕೂತರೂ ಬೆವರು. ಹವಾಮಾನಕ್ಕೆ ತಲೆ ಕೆಟ್ಟಿದೆ ಎಂದು ಊರಿನವರು ಹೇಳುತ್ತಾರೆ. ಮುನ್ಸೂಚನೆ ಕೊಡುವವರಿಗೂ ಅದೇ ಮಾತು ಅನ್ವಯಿಸುತ್ತಾರೆ. ಅದರಲ್ಲೂ ಮಹಡಿಯ ಮೇಲೆ ಹಪ್ಪಳ ಹಾಕಿದವರು.

ಒಂದು ವಾರದಲ್ಲಿ ಇಷ್ಟು ವೇಷ ಬದಲಾಯಿಸುವ ಆಕಾಶದ ಹಿಂದೆ ಕೆಲಸ ಮಾಡುವುದು ಒಂದೇ ಯಂತ್ರ. ಅದಕ್ಕೆ ಮೂರು ಸಂಗತಿಗಳು ಕೂಡಿ ಬರಬೇಕು. ನೆಲದ ಹತ್ತಿರದ ಗಾಳಿಯಲ್ಲಿ ತೇವ ಇರಬೇಕು. ಕೆಳಗಿನ ಗಾಳಿ ಬಿಸಿಯಾಗಿ, ಮೇಲಿನದು ತಣ್ಣಗಿದ್ದು, ಒಮ್ಮೆ ಏರತೊಡಗಿದ ಗಾಳಿ ತಾನಾಗಿಯೇ ಏರುತ್ತಾ ಹೋಗುವಂತಿರಬೇಕು. ಮೂರನೆಯದಾಗಿ, ಮೊದಲ ಬಾರಿ ಅದನ್ನು ಮೇಲಕ್ಕೆತ್ತಲು ಏನಾದರೊಂದು ನೆಪ ಬೇಕು: ಬೆಟ್ಟವಿರಬಹುದು, ಎದುರುಬದುರಾಗಿ ಬಂದ ಎರಡು ಗಾಳಿಗಳಿರಬಹುದು. ಮೂರರಲ್ಲಿ ಒಂದು ತಪ್ಪಿದರೂ ಮಳೆ ಇಲ್ಲ. ಬೇಸಿಗೆಯ ವಾರದ ಚಂಚಲತೆಯೆಲ್ಲ ಈ ಮೂರರಲ್ಲಿ ಯಾವುದು ಎಂದು ಕೈಕೊಟ್ಟಿತು ಎಂಬುದರ ಕಥೆ.

ಇಲ್ಲಿ ಹೇಳಹೊರಟ ವಾರ ಯಾವುದೋ ಒಂದು ವರ್ಷದ ದಾಖಲೆಯಲ್ಲ. ಏಪ್ರಿಲ್ ಕೊನೆಗೋ ಮೇ ಮೊದಲಿಗೋ, ಅಶ್ವಿನಿ ಮಳೆ ಮುಗಿದು ಭರಣಿ ಮಳೆ ಹುಟ್ಟುವ ಹೊತ್ತಿಗೆ, ಈ ಸೀಮೆಯಲ್ಲಿ ಬರುವ ಮಾದರಿ ವಾರ. ಕಡೂರನ್ನು ಆರಿಸಿಕೊಂಡಿರುವುದಕ್ಕೆ ಕಾರಣ ಅದು ಕೂತಿರುವ ಜಾಗ. ಪಶ್ಚಿಮಕ್ಕೆ ಬಾಬಾಬುಡನ್ ಬೆಟ್ಟಸಾಲು. ಅದರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ, ನಾಡಿನಲ್ಲೇ ಅತಿ ಎತ್ತರದ ಶಿಖರ. ಪೂರ್ವಕ್ಕೆ ತೆಂಗಿನ ತೋಟ, ರಾಗಿ ಹೊಲ, ಬಯಲು. ಊರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ. ಅರಬ್ಬಿ ಸಮುದ್ರ ಪಕ್ಷಿ ಹಾರುವ ದಾರಿಯಲ್ಲಿ 140 ಕಿ.ಮೀ. ಆಸುಪಾಸು, ಬಂಗಾಳ ಕೊಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ದೂರ. ಜಿಲ್ಲೆ ಚಿಕ್ಕಮಗಳೂರಾದರೂ ಕಡೂರು ಮಲೆನಾಡಲ್ಲ. ಮಲೆನಾಡಿನ ಬೆನ್ನ ಹಿಂದೆ, ಮಳೆಯ ನೆರಳಿನಲ್ಲಿರುವ ಊರು.

ಸೋಮವಾರ, ಮಂಗಳವಾರ: ಬಿಸಿಲಿದೆ, ಮಳೆಯಿಲ್ಲ

ವಾರದ ಮೊದಲ ಎರಡು ದಿನ ಬರೀ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಉಷ್ಣಾಂಶ 38 ಡಿಗ್ರಿ ಮುಟ್ಟುತ್ತದೆ. ಬಯಲಿನಲ್ಲಿ ಸಣ್ಣ ಸುಂಟರಗಾಳಿ ಎದ್ದು ಒಣಗಿದ ಎಲೆ, ಪ್ಲಾಸ್ಟಿಕ್ ಚೀಲಗಳನ್ನು ತಿರುಗಿಸಿ ಎತ್ತಿ ಎಸೆಯುತ್ತದೆ. ಇಷ್ಟು ಕಾದರೆ ಸಂಜೆ ಮಳೆ ಬಂದೇ ಬರುತ್ತದೆ ಎಂಬ ನಂಬಿಕೆ ಊರಿನಲ್ಲಿ ಗಟ್ಟಿಯಾಗಿದೆ. ಬರುವುದಿಲ್ಲ.

ಸೂರ್ಯನ ಬಿಸಿಲು ಗಾಳಿಯನ್ನು ನೇರವಾಗಿ ಅಷ್ಟೇನೂ ಕಾಯಿಸುವುದಿಲ್ಲ. ನೆಲವನ್ನು ಕಾಯಿಸುತ್ತದೆ, ನೆಲ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಗುರವಾಗಿ ಏರುತ್ತದೆ. ಏರಿದಂತೆ ಸುತ್ತಲ ಒತ್ತಡ ಕಡಿಮೆಯಾಗಿ ಅದು ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ತಣಿಯುತ್ತದೆ. ಒಣ ಗಾಳಿಯಾದರೆ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಷ್ಟು. ಹೀಗೆ ತಣಿಯುತ್ತಾ ಹೋಗಿ ಒಂದು ಎತ್ತರದಲ್ಲಿ ಅದರೊಳಗಿನ ಆವಿ ಹನಿಗಟ್ಟುತ್ತದೆ. ನಮ್ಮ ಕಣ್ಣಿಗೆ ಅದೇ ಮೋಡದ ತಳ.

ಆ ಎತ್ತರವನ್ನು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು. ಮೊಬೈಲಿನ ಹವಾಮಾನ ಆ್ಯಪ್‌ಗಳು ಈಗ ಉಷ್ಣಾಂಶದ ಜೊತೆಗೆ ಇಬ್ಬನಿ ಬಿಂದುವನ್ನೂ ತೋರಿಸುತ್ತವೆ. ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ಅದರ ಆವಿ ನೀರಾಗತೊಡಗುತ್ತದೆಯೋ ಅದು ಇಬ್ಬನಿ ಬಿಂದು. ಉಷ್ಣಾಂಶದಲ್ಲಿ ಇಬ್ಬನಿ ಬಿಂದುವನ್ನು ಕಳೆದು 125ರಿಂದ ಗುಣಿಸಿದರೆ ಮೋಡದ ತಳ ನೆಲದಿಂದ ಎಷ್ಟು ಮೀಟರ್ ಮೇಲಿದೆ ಎಂಬ ಅಂದಾಜು ಸಿಗುತ್ತದೆ. ಸೋಮವಾರ ಉಷ್ಣಾಂಶ 38, ಇಬ್ಬನಿ ಬಿಂದು 10 ಎಂದಿಟ್ಟುಕೊಳ್ಳಿ. ಅಂತರ 28, ಮೋಡದ ತಳ ಮೂರೂವರೆ ಕಿಲೋಮೀಟರ್ ಮೇಲೆ. ಕಾದ ಗಾಳಿ ಅಷ್ಟು ಎತ್ತರಕ್ಕೆ ತಲುಪುವುದೇ ಕಷ್ಟ. ತಲುಪಿ ನಾಲ್ಕು ಹನಿ ಉದುರಿಸಿದರೂ ಅವು ಮೂರೂವರೆ ಕಿಲೋಮೀಟರ್ ಒಣ ಗಾಳಿಯಲ್ಲಿ ಬೀಳುತ್ತಾ ದಾರಿಯಲ್ಲೇ ಆವಿಯಾಗುತ್ತವೆ. ದೂರದಲ್ಲಿ ಮೋಡದ ಕೆಳಗೆ ಬೂದು ಬಣ್ಣದ ತೆರೆ ನೇತಾಡಿ, ನೆಲ ಮುಟ್ಟದೆ ಮಾಯವಾಗುವುದನ್ನು ಬಯಲುಸೀಮೆಯವರೆಲ್ಲ ನೋಡಿರುತ್ತಾರೆ. ಅದು ಬಿದ್ದ ಮಳೆಯೇ. ನಮ್ಮವರೆಗೆ ಬರಲಿಲ್ಲ, ಅಷ್ಟೆ.

ಆ್ಯಪ್ ಬೇಡವೆನ್ನುವವರಿಗೆ ಮಣ್ಣಿನ ಹೂಜಿ ಸಾಕು. ಸೋಮವಾರ ಹೂಜಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಹೂಜಿಯ ಹೊರಮೈಯಲ್ಲಿ ಜಿನುಗಿದ ನೀರನ್ನು ಒಣ ಗಾಳಿ ಬೇಗ ಬೇಗ ಆವಿಯಾಗಿಸಿ, ಅದಕ್ಕೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದ ಎಳೆದುಕೊಂಡಿರುತ್ತದೆ. ಅದೇ ಹೂಜಿ ಬುಧವಾರ ಮಧ್ಯಾಹ್ನ ಅಷ್ಟು ತಣ್ಣಗಾಗುವುದಿಲ್ಲ. ಫ್ರಿಜ್‌ನಿಂದ ತೆಗೆದ ಬಾಟಲಿ ಮಾತ್ರ ಮೇಜಿನ ಮೇಲೆ ಒಂದು ಸಣ್ಣ ಹೊಂಡವನ್ನೇ ಮಾಡಿಟ್ಟಿರುತ್ತದೆ. ಗಾಳಿಗೆ ತೇವ ಬಂದಿದೆ ಎಂದರ್ಥ.

ತೇವ ಎಲ್ಲಿಂದ ಬಂತು?

ನಿನ್ನೆಯವರೆಗೆ ಇಲ್ಲದ ತೇವ ಒಂದೇ ರಾತ್ರಿಯಲ್ಲಿ ಕಡೂರಿನ ಕೆರೆಗಳಿಂದ ಎದ್ದು ಬರಲಿಲ್ಲ. ಏಪ್ರಿಲ್‌ನಲ್ಲಿ ಕೆರೆಗಳಲ್ಲಿ ಅಷ್ಟು ನೀರೇ ಇರುವುದಿಲ್ಲ. ಬಂದದ್ದು ಸಮುದ್ರದಿಂದ.

ಹವಾಮಾನ ಇಲಾಖೆಯ ಬೇಸಿಗೆ ವರದಿಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತದೆ: ವಿದರ್ಭದಿಂದಲೋ ಮರಾಠವಾಡದಿಂದಲೋ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡಿನವರೆಗೆ ಕಡಿಮೆ ಒತ್ತಡದ ಪಟ್ಟಿ ಹರಡಿಕೊಂಡಿದೆ. ಓದುವವರು ಇದನ್ನು ದಾಟಿಕೊಂಡು ಮಳೆಯ ಸಾಲಿಗೆ ಹೋಗುತ್ತಾರೆ. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಓದಬೇಕಾದ ವಾಕ್ಯ ಇದೇ. ಬೇಸಿಗೆಯಲ್ಲಿ ದಕ್ಷಿಣ ಭಾರತದ ನಟ್ಟನಡುವೆ ಉತ್ತರ ದಕ್ಷಿಣವಾಗಿ ಗಾಳಿಗಳ ಒಂದು ಗಡಿ ಏರ್ಪಡುತ್ತದೆ. ಗಡಿಯ ಪಶ್ಚಿಮಕ್ಕೆ ವಾಯವ್ಯದಿಂದ, ದಖ್ಖನ್ನಿನ ಕಾದ ನೆಲದ ಮೇಲಿಂದ ಬೀಸುವ ಒಣ ಗಾಳಿ. ಪೂರ್ವಕ್ಕೆ ಬಂಗಾಳ ಕೊಲ್ಲಿಯ ಕಡೆಯಿಂದ, ದಕ್ಷಿಣ ಆಗ್ನೇಯದಿಂದ ಬರುವ ತೇವದ ಗಾಳಿ. ಎರಡೂ ಕೂಡುವ ಜಾಗದಲ್ಲಿ ಗಾಳಿಗೆ ಪಕ್ಕಕ್ಕೆ ಹೋಗಲು ದಾರಿಯಿಲ್ಲದೆ ಮೇಲಕ್ಕೇ ಹೋಗಬೇಕಾಗುತ್ತದೆ.

ಈ ಗಡಿ ನಿಂತಲ್ಲಿ ನಿಲ್ಲುವುದಿಲ್ಲ. ಇಂದು ತುಮಕೂರಿನ ಆಚೆ, ನಾಳೆ ಬೆಟ್ಟಸಾಲಿನ ಹತ್ತಿರ. ಅದು ಪೂರ್ವಕ್ಕೆ ಸರಿದಿದ್ದ ಸೋಮವಾರ ಕಡೂರು ಒಣ ಗಾಳಿಯ ಪಾಲಾಗಿತ್ತು. ಬುಧವಾರ ಗಡಿ ಪಶ್ಚಿಮಕ್ಕೆ ಜರುಗಿ ಊರು ತೇವದ ಪಾಲಿಗೆ ಬಂತು. ಊರು ಕದಲಲಿಲ್ಲ, ಅದರ ಮೇಲಿದ್ದ ಗಾಳಿ ಬೇರೆಯಾಯಿತು. ಇದರ ಜೊತೆಗೆ ಕರಾವಳಿಯ ಕಡೆಯಿಂದ ಮಧ್ಯಾಹ್ನ ಕಳೆದು ಘಟ್ಟ ಹತ್ತಿ ಬರುವ ಸಮುದ್ರದ ಗಾಳಿಯೂ ಕೆಲವು ದಿನ ಕೈಜೋಡಿಸುತ್ತದೆ.

ಬುಧವಾರದ ಉಷ್ಣಾಂಶ ಸೋಮವಾರಕ್ಕಿಂತ ಮೂರು ಡಿಗ್ರಿ ಕಡಿಮೆಯೇ ಇರಬಹುದು, ಆದರೆ ಎಲ್ಲರೂ ಹೆಚ್ಚು ಎನ್ನುತ್ತಾರೆ. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಇನ್ನೊಂದು ಮಾತು: ತೇವದ ಗಾಳಿ ಭಾರ ಎಂದು ನಮಗೆ ಅನ್ನಿಸುವುದು ಸಹಜ, ನಿಜ ಅದಕ್ಕೆ ತಿರುಗುಮುರುಗು. ನೀರಿನ ಅಣುವಿನ ತೂಕ 18. ಗಾಳಿಯಲ್ಲಿ ಹೆಚ್ಚಾಗಿರುವ ಸಾರಜನಕದ್ದು 28, ಆಮ್ಲಜನಕದ್ದು 32. ಅವುಗಳ ಜಾಗದಲ್ಲಿ ನೀರಿನ ಅಣು ಸೇರಿದಷ್ಟೂ ಗಾಳಿ ಹಗುರ. ಧಗೆಯ ದಿನ ನಮ್ಮನ್ನು ಕುಗ್ಗಿಸುವ ಅದೇ ಗಾಳಿ ಮೇಲೇರಲು ಹೆಚ್ಚು ಸಲೀಸು.

ಉಷ್ಣಾಂಶ 35, ಇಬ್ಬನಿ ಬಿಂದು 20 ಆದರೆ ಮೋಡದ ತಳ ಎರಡು ಕಿಲೋಮೀಟರಿಗಿಂತ ಕೆಳಗಿಳಿಯುತ್ತದೆ. ಹನಿ ನೆಲ ಮುಟ್ಟುವ ಎತ್ತರ ಅದು. ಹಾಗಿದ್ದರೂ ಮಧ್ಯಾಹ್ನ ಮೂರರವರೆಗೆ ಏನೂ ಆಗುವುದಿಲ್ಲ. ನೆಲದಿಂದ ಒಂದೂವರೆ ಎರಡು ಕಿಲೋಮೀಟರ್ ಮೇಲೆ ಬಿಸಿಯಾದ ಒಣ ಗಾಳಿಯ ಪದರವೊಂದು ಹಾಸಿಕೊಂಡಿರುತ್ತದೆ. ಕೆಳಗಿನಿಂದ ಏರಿದ ಗಾಳಿ ಅದಕ್ಕಿಂತ ಬಿಸಿಯಿಲ್ಲದ ಕಾರಣ ಅಲ್ಲಿಗೇ ನಿಲ್ಲುತ್ತದೆ. ಹಾಲು ಕಾಯಿಸುವಾಗ ಮೇಲೆ ಕಟ್ಟಿದ ಕೆನೆ ಮಾಡುವ ಕೆಲಸವನ್ನೇ ಈ ಪದರ ಮಾಡುತ್ತದೆ: ಒಳಗಿನ ಕುದಿತವನ್ನು ಹಿಡಿದಿಟ್ಟು, ಹಿಡಿದಿಟ್ಟು, ಒಂದು ಕಡೆ ಹರಿದದ್ದೇ ತಡ ಎಲ್ಲವನ್ನೂ ಒಟ್ಟಿಗೆ ಉಕ್ಕಲು ಬಿಡುತ್ತದೆ. ಈ ಪದರವೇ ಇಲ್ಲದಿದ್ದರೆ ಬೆಳಿಗ್ಗೆ ಹತ್ತಕ್ಕೇ ಚಿಕ್ಕ ಚಿಕ್ಕ ಮೋಡಗಳಾಗಿ ಶಕ್ತಿಯೆಲ್ಲ ಸೋರಿಹೋಗುತ್ತಿತ್ತು. ಬೇಸಿಗೆ ಮಳೆಯ ಆರ್ಭಟಕ್ಕೆ ಈ ತಡೆಯೇ ಅರ್ಧ ಕಾರಣ.

ಬುಧವಾರ ಸಂಜೆ ಏನಾಯಿತು

ಮೊದಲ ಮೋಡ ಏಳುವುದು ಸಾಮಾನ್ಯವಾಗಿ ಬೆಟ್ಟದ ಮೇಲೆ. ಇಳಿಜಾರು ಬಿಸಿಲಿಗೆ ಬೇಗ ಕಾದು ಗಾಳಿ ಅದರ ಮೈಗುಂಟ ಹತ್ತುತ್ತದೆ, ಹೀಗಾಗಿ ಅಲ್ಲಿ ಕೆನೆ ಬೇಗ ಹರಿಯುತ್ತದೆ. ಕಡೂರಿನಿಂದ ನೋಡಿದರೆ ಬಾಬಾಬುಡನ್ ಸಾಲಿನ ನೆತ್ತಿಯಲ್ಲಿ ಬಿಳಿಯ ಮೋಡವೊಂದು ಗಂಟು ಗಂಟಾಗಿ ಉಬ್ಬುತ್ತಾ ಏರುವುದು ಕಾಣುತ್ತದೆ. ಗಂಟಿನ ಅಂಚು ಕತ್ತರಿಸಿಟ್ಟಂತೆ ಚೂಪಾಗಿದ್ದರೆ ಅದು ಇನ್ನೂ ಬೆಳೆಯುತ್ತಿದೆ. ಅಂಚು ಮಸುಕಾಗಿ ನಾರುನಾರಾದರೆ ನೆತ್ತಿಯಲ್ಲಿ ಮಂಜುಗಡ್ಡೆಯ ಹರಳು ಕಟ್ಟಿದೆ, ಮಳೆ ಶುರುವಾಗಿದೆ ಎಂದು ತಿಳಿಯಬೇಕು. ಮೊಬೈಲ್ ನೋಡುವುದಕ್ಕಿಂತ ಈ ಅಂಚನ್ನು ಇಪ್ಪತ್ತು ನಿಮಿಷ ನೋಡುವುದು ಎಷ್ಟೋ ಸಲ ಉಪಯೋಗಕ್ಕೆ ಬರುತ್ತದೆ.

ಒಮ್ಮೆ ಹನಿಗಟ್ಟತೊಡಗಿದರೆ ಆಟವೇ ಬೇರೆ. ನೀರು ಆವಿಯಾಗುವಾಗ ಹೀರಿಕೊಂಡ ಶಾಖವನ್ನು ಹನಿಯಾಗುವಾಗ ಹಿಂದಿರುಗಿಸುತ್ತದೆ. ಆ ಶಾಖ ಮೋಡದೊಳಗಿನ ಗಾಳಿಯನ್ನು ಮತ್ತಷ್ಟು ಬಿಸಿಮಾಡಿ ಮತ್ತಷ್ಟು ಮೇಲಕ್ಕೆ ದೂಡುತ್ತದೆ. ಈ ಶಾಖ ಎಷ್ಟಿರಬಹುದು? ಐದು ಕಿಲೋಮೀಟರ್ ಉದ್ದ, ಐದು ಕಿಲೋಮೀಟರ್ ಅಗಲದ ಜಾಗದಲ್ಲಿ 20 ಮಿ.ಮೀ. ಮಳೆಯಾದರೆ ಬಿದ್ದ ನೀರು ಐದು ಲಕ್ಷ ಟನ್. ಒಂದು ಕಿಲೋ ನೀರು ಹನಿಗಟ್ಟುವಾಗ ಹೊರಬೀಳುವ ಶಾಖ ಸುಮಾರು 2,500 ಕಿಲೋಜೌಲ್. ಗುಣಿಸಿ ವಿದ್ಯುತ್ತಿನ ಯೂನಿಟ್ಟಿಗೆ ಇಳಿಸಿದರೆ 35 ಕೋಟಿ ಯೂನಿಟ್ ಹತ್ತಿರ ಬರುತ್ತದೆ. ಶರಾವತಿಯ 1,035 ಮೆಗಾವಾಟ್ ವಿದ್ಯುದಾಗಾರ ಪೂರ್ಣ ಸಾಮರ್ಥ್ಯದಲ್ಲಿ ಹಗಲೂ ರಾತ್ರಿ ಎರಡು ವಾರ ಓಡಿದರೆ ಉತ್ಪಾದಿಸುವಷ್ಟು. ಇದೆಲ್ಲ ಒಂದು ಸಾಮಾನ್ಯ ಸಂಜೆಯ, ಪತ್ರಿಕೆಯಲ್ಲಿ ಸುದ್ದಿಯೂ ಆಗದ ಮಳೆಯ ಲೆಕ್ಕ.

ಇಷ್ಟು ಶಕ್ತಿಯಿದ್ದರೂ ಒಂದು ಗುಡುಗುಮೋಡದ ಆಯಸ್ಸು ಅರ್ಧ ಗಂಟೆಯಿಂದ ಒಂದು ಗಂಟೆ. 1946-47ರಲ್ಲಿ ಅಮೆರಿಕದ ಫ್ಲಾರಿಡಾ ಮತ್ತು ಒಹಾಯೊಗಳಲ್ಲಿ ಗುಡುಗುಮೋಡಗಳೊಳಗೆ ವಿಮಾನ ಹಾರಿಸಿ ನಡೆಸಿದ ಅಧ್ಯಯನ ಇದನ್ನು ಮೊದಲು ಸ್ಪಷ್ಟಪಡಿಸಿತು. ಮೊದಲ ಹಂತದಲ್ಲಿ ಮೋಡದೊಳಗೆ ಗಾಳಿ ಬರೀ ಮೇಲಕ್ಕೆ ಹೋಗುತ್ತಿರುತ್ತದೆ. ಎರಡನೆಯದರಲ್ಲಿ ಒಂದು ಮಗ್ಗುಲಲ್ಲಿ ಏರುವ ಗಾಳಿ, ಇನ್ನೊಂದು ಮಗ್ಗುಲಲ್ಲಿ ಹನಿಗಳ ಜೊತೆಗೆ ಇಳಿಯುವ ಗಾಳಿ. ಕೊನೆಯ ಹಂತದಲ್ಲಿ ಬರೀ ಇಳಿಯುವ ಗಾಳಿ. ಮೋಡಕ್ಕೆ ಆಹಾರ ನಿಲ್ಲುತ್ತದೆ. ಮಳೆಯೇ ಮಳೆಯನ್ನು ಕೊಲ್ಲುತ್ತದೆ ಎಂದರೂ ನಡೆಯುತ್ತದೆ. ಬಿದ್ದ ಹನಿಗಳು ಕೆಳಗಿನ ಒಣ ಗಾಳಿಯಲ್ಲಿ ಒಂದಿಷ್ಟು ಆವಿಯಾಗಿ ಆ ಗಾಳಿಯನ್ನು ತಣಿಸುತ್ತವೆ. ತಣಿದ ಗಾಳಿ ಭಾರವಾಗಿ ಧೊಪ್ಪನೆ ನೆಲಕ್ಕಿಳಿದು ನಾಲ್ಕೂ ದಿಕ್ಕಿಗೆ ಹರಡುತ್ತದೆ.

ಕಡೂರಿನ ಧೂಳಿನ ಗುಟ್ಟು ಇಲ್ಲಿದೆ. ಮೋಡ ಕರಗಿ ನೀರಾಗಿದ್ದು ಬೀರೂರಿನ ಮೇಲೆ. ಗುಡುಗುಮೋಡದ ಮಳೆ ಸುರಿಸುವ ಭಾಗ ಅಡ್ಡಗಲಕ್ಕೆ ಐದರಿಂದ ಹತ್ತು ಕಿಲೋಮೀಟರ್. ಆರು ಕಿಲೋಮೀಟರ್ ದೂರದ ಊರು ಅದರ ಅಂಚಿನ ಹೊರಗೆ ಉಳಿಯುವುದು ಆಶ್ಚರ್ಯವೇನಲ್ಲ. ಆದರೆ ಆ ಮೋಡದ ತಣ್ಣನೆಯ ಉಸಿರು ಹತ್ತಿಪ್ಪತ್ತು ಕಿಲೋಮೀಟರ್ ಹೋಗಬಲ್ಲದು. ಕಡೂರಿಗೆ ಬಂದದ್ದು ಅದೇ. ತಗಡಿನ ಚಾವಣಿ ಕಿತ್ತು, ತೆಂಗಿನ ಗರಿ ಮುರಿದು, ಐದು ನಿಮಿಷದಲ್ಲಿ ಉಷ್ಣಾಂಶವನ್ನು ಎಂಟು ಹತ್ತು ಡಿಗ್ರಿ ಇಳಿಸಿ, ಮಣ್ಣಿನ ವಾಸನೆಯನ್ನೂ ಹೊತ್ತು ತಂದ ಗಾಳಿ. (ಕರೆಂಟು ಗಾಳಿಗಿಂತ ಐದು ನಿಮಿಷ ಮೊದಲೇ ಹೋಗಿರುತ್ತದೆ, ಅದರ ವಿವರಣೆ ಹವಾಮಾನ ಶಾಸ್ತ್ರದಲ್ಲಿ ಸಿಗುವುದಿಲ್ಲ.) ವಾಸನೆ ಬಂತೆಂದರೆ ಮಳೆ ಬಂತು ಎಂದು ಊರಿನವರು ಬಟ್ಟೆ ತೆಗೆದರು. ಆ ವಾಸನೆ ಬೀರೂರಿನ ಒದ್ದೆ ಮಣ್ಣಿನದು.

ಇನ್ನೂ ನೋವಿನ ಸಂಗತಿಯೆಂದರೆ ಆ ತಂಗಾಳಿಯೇ ಕಡೂರಿನ ಅವಕಾಶವನ್ನು ಕಿತ್ತುಕೊಂಡದ್ದು. ನೆಲದ ಮೇಲೆ ತಣ್ಣನೆಯ ಭಾರದ ಗಾಳಿ ಹಾಸಿಕೊಂಡ ಮೇಲೆ ಅಲ್ಲಿಂದ ಏರುವುದಕ್ಕೆ ಏನೂ ಉಳಿಯಲಿಲ್ಲ. ಆದರೆ ಅದು ಹಾಗೆಯೇ ಮುಂದೆ ಹೋಗಿ ಆಚೆ ಯಗಟಿ ಎಂಬ ಊರಿನ ಕಡೆ ಇನ್ನೂ ಬಿಸಿಯಾಗಿದ್ದ ಗಾಳಿಯ ಅಡಿಗೆ ನುಗ್ಗಿ ಅದನ್ನು ಎತ್ತಿತು. ಒಂದು ಗಂಟೆಯ ಬಳಿಕ ಅಲ್ಲಿ ಗುಡುಗು ಕೇಳಿಸಿತು. ಮಳೆ ಕಡೂರನ್ನು ಹಾರಿಕೊಂಡು ಹೋಯಿತು ಎಂದು ಜನ ಹೇಳುವುದು ಅಕ್ಷರಶಃ ತಪ್ಪಲ್ಲ. ಒಂದೇ ಮೋಡ ಹಾರಿ ಹೋಗಲಿಲ್ಲ, ಒಂದು ಸತ್ತು ಇನ್ನೊಂದನ್ನು ಹುಟ್ಟಿಸಿತು ಎಂಬುದಷ್ಟೇ ತಿದ್ದುಪಡಿ.

ಗುರುವಾರದ ಆಲಿಕಲ್ಲು

ಗುರುವಾರ ಕಡೂರಿನ ಸರದಿ. ಬುಧವಾರದ ತಣ್ಣನೆಯ ಗಾಳಿ ಬಿಸಿಲಿಗೆ ಕರಗಿ, ಬೀರೂರಿನ ಒದ್ದೆ ನೆಲ ತನ್ನ ಪಾಲಿನ ತೇವವನ್ನೂ ಸೇರಿಸಿ, ನಾಲ್ಕು ಗಂಟೆಗೆ ಊರಿನ ನೆತ್ತಿಯಲ್ಲೇ ಮೋಡ ಕಟ್ಟಿತು ಎನ್ನಿ. ಮೊದಲು ದಪ್ಪ ದಪ್ಪ ಹನಿ, ಆಮೇಲೆ ತಗಡಿನ ಮೇಲೆ ಕಲ್ಲು ಸುರಿದ ಸದ್ದು.

ಬಿದ್ದ ಆಲಿಕಲ್ಲುಗಳಲ್ಲಿ ದಪ್ಪನೆಯದೊಂದನ್ನು ಆರಿಸಿ, ಕರಗುವ ಮೊದಲು ಹಳೆಯ ಚಾಕುವನ್ನು ಬಿಸಿ ಮಾಡಿ ನಡುವೆ ಸೀಳಿ ನೋಡಿ. ಒಳಗೆ ಈರುಳ್ಳಿಯಂತೆ ಸುತ್ತುಗಳಿರುತ್ತವೆ: ಒಂದು ಸುತ್ತು ಹಾಲಿನ ಬಿಳುಪು, ಒಂದು ಸುತ್ತು ಗಾಜಿನ ತಿಳಿ. ಆ ಕಲ್ಲು ಮೋಡದೊಳಗೆ ಹೇಗೆ ಬೆಳೆಯಿತು ಎಂಬುದರ ದಿನಚರಿ ಅದು. ಏಪ್ರಿಲ್‌ನಲ್ಲಿ ಇಲ್ಲಿ ಸೊನ್ನೆ ಡಿಗ್ರಿ ಇರುವುದು ಸಮುದ್ರ ಮಟ್ಟದಿಂದ ನಾಲ್ಕೂವರೆ ಐದು ಕಿಲೋಮೀಟರ್ ಮೇಲೆ. ಅದಕ್ಕೂ ಮೇಲೆ ಹೋದ ಹನಿಗಳೆಲ್ಲ ಕೂಡಲೇ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟಲು ಆಸರೆಯಾಗುವ ಕಣ ಸಿಗದಿದ್ದರೆ ನೀರು ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗೂ ನೀರಾಗಿಯೇ ಉಳಿಯುತ್ತದೆ. ಮಂಜುಗಡ್ಡೆಯ ಕಾಳೊಂದು ಇಂಥ ಹನಿಗಳಿಗೆ ಡಿಕ್ಕಿ ಹೊಡೆದಾಗ ಅವು ಅದಕ್ಕೆ ಅಂಟಿ ಗಟ್ಟಿಯಾಗುತ್ತವೆ. ತಟ್ಟನೆ ಹೆಪ್ಪುಗಟ್ಟಿದರೆ ಗಾಳಿಯ ಗುಳ್ಳೆಗಳು ಒಳಗೇ ಸಿಕ್ಕಿ ಬಿಳಿಯ ಸುತ್ತು. ನೀರು ಹೆಚ್ಚಿದ್ದು ನಿಧಾನವಾಗಿ ಹೆಪ್ಪುಗಟ್ಟಿದರೆ ಗುಳ್ಳೆ ಹೊರಹೋಗಿ ತಿಳಿಯಾದ ಸುತ್ತು.

ನೆಲ್ಲಿಕಾಯಿ ಗಾತ್ರದ ಕಲ್ಲನ್ನು ಅಲ್ಲಿ ತೇಲಿಸಿ ಇಟ್ಟುಕೊಳ್ಳಲು ಮೋಡದೊಳಗಿನ ಗಾಳಿ ಗಂಟೆಗೆ 60-70 ಕಿ.ಮೀ. ವೇಗದಲ್ಲಿ ನೇರ ಮೇಲಕ್ಕೆ ಬೀಸುತ್ತಿರಬೇಕು. ಜುಲೈ ತಿಂಗಳ ಜಡಿಮಳೆಯಲ್ಲಿ ಆಲಿಕಲ್ಲು ಬೀಳದಿರಲು ಇದೇ ಕಾರಣ: ಮುಂಗಾರಿನ ಮೋಡದಲ್ಲಿ ನೀರು ಬೇಕಾದಷ್ಟಿದ್ದರೂ ಏರುಗಾಳಿಗೆ ಈ ಕಸುವಿರುವುದಿಲ್ಲ. ಬೇಸಿಗೆಯಲ್ಲಿ ನಡುವಿನ ಪದರದ ಒಣ ಗಾಳಿ ಇನ್ನೊಂದು ಸಹಾಯ ಮಾಡುತ್ತದೆ. ಬೀಳುವ ಕಲ್ಲಿನ ಮೈ ಒಂದಿಷ್ಟು ಆವಿಯಾಗಿ ಅದನ್ನು ತಂಪಾಗಿಡುತ್ತದೆ, ನೆಲದವರೆಗೆ ಕರಗದಂತೆ ಕಾಯುತ್ತದೆ. ಮಾವಿನ ಹೀಚಿಗೂ ಟೊಮೆಟೊ ಬೆಳೆಗೂ ಹತ್ತು ನಿಮಿಷದಲ್ಲಿ ಆಗುವ ನಷ್ಟಕ್ಕೆ ಕಾರಣ ಇಂಥ ಸೂಕ್ಷ್ಮಗಳ ಕೂಟ.

ಮಂಜಿನ ಕಾಳುಗಳ ಇದೇ ಡಿಕ್ಕಿಯಿಂದ ಸಿಡಿಲು ಹುಟ್ಟುತ್ತದೆ. ಭಾರದ ಕಾಳುಗಳೂ ಹಗುರದ ಮಂಜಿನ ಹರಳುಗಳೂ ತಿಕ್ಕಾಡಿದಾಗ ಹರಳುಗಳು ಧನ ವಿದ್ಯುತ್ತನ್ನು ಹೊತ್ತು ಮೇಲೆ ಹೋಗುತ್ತವೆ, ಕಾಳುಗಳು ಋಣವನ್ನು ಹಿಡಿದು ಕೆಳಗೆ ಉಳಿಯುತ್ತವೆ. ಅಂತರ ಮಿತಿಮೀರಿದಾಗ ಗಾಳಿ ಸೀಳುತ್ತದೆ. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರ ಎಂದು ತಿಳಿಯುತ್ತದೆ. ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಹೊಲದಲ್ಲಿ, ತೆಂಗಿನ ತೋಟದಲ್ಲಿ ನಿಲ್ಲುವಂತಿಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದರೂ ಕಳೆಯುವವರೆಗೆ ಒಳಗೇ ಇರಬೇಕು. ಕುರಿ ಮೇಯಿಸುವವರು ಮಳೆಗೆ ಹೆದರಿ ಮರದ ಕೆಳಗೆ ಸೇರುವುದು ಪ್ರತಿ ಬೇಸಿಗೆಯಲ್ಲೂ ಜೀವ ತೆಗೆಯುತ್ತದೆ. ಮರಕ್ಕೆ ಬಡಿದ ಸಿಡಿಲು ಬುಡದಿಂದ ಪಕ್ಕಕ್ಕೆ ಹಾರುತ್ತದೆ, ನೆಲದಲ್ಲೂ ಹರಡುತ್ತದೆ. ನೆನೆದರೆ ನೆಗಡಿ, ಮರದಡಿ ನಿಂತರೆ ಸಾವು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ದಾಮಿನಿ ಆ್ಯಪ್ ಸುತ್ತಮುತ್ತ 20-40 ಕಿ.ಮೀ. ಒಳಗಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಕುರಿಗಾಹಿಗಳ ಮಕ್ಕಳ ಮೊಬೈಲಿನಲ್ಲಿ ಅದೊಂದನ್ನು ಹಾಕಿಕೊಟ್ಟರೆ ಸಾಕು.

ಶುಕ್ರವಾರ ಹೆಚ್ಚು ಹೇಳುವಂಥದ್ದಿಲ್ಲ. ಬೆಳಿಗ್ಗೆ ತೆಳು ಮಂಜು, ಮಧ್ಯಾಹ್ನಕ್ಕೂ ಹಿತವಾದ ಗಾಳಿ. ನೆಲ ಒದ್ದೆಯಾಗಿರುವಾಗ ಬಿಸಿಲಿನ ಬಹುಪಾಲು ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ, ಗಾಳಿಯನ್ನು ಕಾಯಿಸಲು ಉಳಿಯುವುದು ಸ್ವಲ್ಪ. ಹೀಗೆ ಆವಿಯಾದ ನೀರೇ ಶನಿವಾರದ ಬೆವರು. ತೇವ ಇದೆ, ಶಾಖವೂ ತಕ್ಕಮಟ್ಟಿಗೆ ಬಂದಿದೆ, ಆದರೆ ಪಕ್ಕದ ಜಿಲ್ಲೆಯಲ್ಲಿ ಎದ್ದ ಗುಡುಗುಮೋಡದ ನೆತ್ತಿ ಚಪ್ಪಟೆಯಾಗಿ ಹರಡಿ ಕಡೂರಿಗೆ ನೆರಳು ಮಾಡಿಬಿಟ್ಟಿದೆ. ಎತ್ತುವ ಕೈ ಬರಲಿಲ್ಲ. ಮೋಡ ತುಂಬಿದ್ದರೂ ಮಳೆಯಿಲ್ಲದ ದಿನ, ರಾತ್ರಿಯೂ ಮೋಡದ ಹೊದಿಕೆಯಿಂದ ನೆಲದ ಶಾಖ ಹೊರಹೋಗದೆ ನಿದ್ದೆಗೇಡು.

ಮುನ್ಸೂಚನೆ ಸುಳ್ಳು ಹೇಳಿತೇ?

ಬುಧವಾರದ ಮುನ್ಸೂಚನೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕೆಲವು ಕಡೆ ಗುಡುಗು ಸಹಿತ ಮಳೆ ಎಂದಿತ್ತು. ಕಡೂರಿನವರ ಲೆಕ್ಕದಲ್ಲಿ ಅದು ಸುಳ್ಳಾಯಿತು. ಆದರೆ ಹವಾಮಾನ ಇಲಾಖೆಯ ಭಾಷೆಯಲ್ಲಿ ಈ ಪದಗಳಿಗೆ ಅಳತೆಯಿದೆ. ಒಂದೆರಡು ಕಡೆ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ. ಕೆಲವು ಕಡೆ ಎಂದರೆ ಶೇ 26ರಿಂದ 50. ಹಲವು ಕಡೆ ಎಂದರೆ ಶೇ 51ರಿಂದ 75. ಬಹುತೇಕ ಕಡೆ ಎಂದರೆ ಅದಕ್ಕೂ ಹೆಚ್ಚು. ಕೆಲವು ಕಡೆ ಮಳೆ ಎಂಬ ಮಾತಿನಲ್ಲೇ ಕನಿಷ್ಠ ಅರ್ಧದಷ್ಟು ಊರುಗಳಲ್ಲಿ ಮಳೆಯಿಲ್ಲ ಎಂಬುದು ಸೇರಿದೆ. ಟಿ.ವಿ.ಯಲ್ಲಿ ಇದನ್ನು ಜಿಲ್ಲೆಗೆ ಮಳೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವವರದೇ ಹೆಚ್ಚಿನ ತಪ್ಪು.

ಇನ್ನಷ್ಟು ಖಚಿತವಾಗಿ ಹೇಳಲಾಗದೇ ಎಂದರೆ, ಸದ್ಯಕ್ಕೆ ಆಗದು. ಹವಾಮಾನದ ಗಣಕ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಹೆಚ್ಚಿ ಲೆಕ್ಕ ಹಾಕುತ್ತವೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನ ಚೌಕ 6 ಕಿ.ಮೀ.; ಅದಕ್ಕೂ ಮೊದಲಿನದು 12 ಕಿ.ಮೀ. ಇತ್ತು. ಹಿಂದಿನ ಮಾದರಿಯಲ್ಲಿ ಕಡೂರು ಬೀರೂರು ಒಂದೇ ಚೌಕದಲ್ಲಿ ಬೀಳಬಹುದಿತ್ತು. ಈಗ ಅಕ್ಕಪಕ್ಕದ ಚೌಕಗಳಲ್ಲಿ ಬೀಳುತ್ತವೆ. ಒಂದು ಗುಡುಗುಮೋಡವೇ ಆ ಚೌಕದಷ್ಟಿರುವಾಗ ಅದು ಯಾವ ಬೀದಿಯಲ್ಲಿ ಹುಟ್ಟುತ್ತದೆ ಎಂದು ಹಿಂದಿನ ದಿನವೇ ಹೇಳುವವರನ್ನು ನಂಬಬಾರದು. ಮೂರು ಗಂಟೆ ಮುಂಚೆ ರೇಡಾರ್ ನೋಡಿ ಹೇಳುವ ತುರ್ತು ಸೂಚನೆ ಬೇರೆ. ಅದು ಹುಟ್ಟಿದ ಮೋಡವನ್ನು ಹಿಂಬಾಲಿಸುತ್ತದೆ.

ಮೊಬೈಲಿನಲ್ಲಿ ಕಾಣುವ ಶೇಕಡಾವಾರು ಸಾಧ್ಯತೆಯನ್ನೂ ನಾವು ಸರಿಯಾಗಿ ಓದುವುದಿಲ್ಲ. ಮೂರು ದಿನ ಒಂದೇ ಸಮನೆ ಶೇ 40 ಎಂದು ತೋರಿಸಿ ಮೂರೂ ದಿನ ಮಳೆ ಬಾರದಿದ್ದರೆ ಆ್ಯಪ್ ಕೆಟ್ಟಿದೆ ಎನ್ನುತ್ತೇವೆ. ಒಂದೊಂದು ದಿನವೂ ಬಾರದಿರುವ ಸಾಧ್ಯತೆ ಶೇ 60; ಮೂರೂ ದಿನ ಬಾರದಿರುವುದು, ಒಂದು ದಿನಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದುಕೊಂಡರೆ, ಶೇ 21ರ ಮೇಲೆ. ಅಂದರೆ ಐದು ಬಾರಿಯಲ್ಲಿ ಒಂದು ಬಾರಿ ಹೀಗಾಗಲೇಬೇಕು. ಹಪ್ಪಳ ಹಾಕುವವರಿಗೆ ಶೇ 40 ದೊಡ್ಡ ಅಪಾಯ, ಬಿತ್ತನೆಗೆ ಕಾಯುವವರಿಗೆ ಶೇ 40 ಸಣ್ಣ ಭರವಸೆ. ಸಂಖ್ಯೆ ಒಂದೇ.

ಬಿದ್ದ ಮಳೆ ಎಷ್ಟು ಎಂಬುದರಲ್ಲಿ ಮಾತ್ರ ಕರ್ನಾಟಕದವರು ಅದೃಷ್ಟವಂತರು. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಅದರ ನಕ್ಷೆಯಲ್ಲಿ ಬೇಸಿಗೆಯ ಗುಡುಗುಮಳೆಯ ದಿನಗಳನ್ನು ತೆರೆದು ನೋಡಿದರೆ ಒಂದೇ ತಾಲ್ಲೂಕಿನಲ್ಲಿ ಒಂದು ಪಂಚಾಯಿತಿಗೆ 40 ಮಿ.ಮೀ., ಪಕ್ಕದ್ದಕ್ಕೆ ಸೊನ್ನೆ ಇರುವುದು ಕಾಣಸಿಗುತ್ತದೆ. ತಾಲ್ಲೂಕಿನ ಸರಾಸರಿ ಎಂಬ ಅಂಕಿಗೆ ಈ ತಿಂಗಳುಗಳಲ್ಲಿ ಅರ್ಥ ಕಡಿಮೆ.

ನೇಗಿಲಿಗೆ ಎಷ್ಟು ಸಾಕು?

ಒಂದು ಮಿ.ಮೀ. ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಎಕರೆಗೆ ನಾಲ್ಕು ಸಾವಿರ ಲೀಟರ್. ಗುರುವಾರದ 20 ಮಿ.ಮೀ. ಮಳೆ ಎಕರೆಗೆ 80 ಸಾವಿರ ಲೀಟರ್ ಸುರಿಯಿತು. ಆದರೆ ಅಷ್ಟೂ ಮಣ್ಣಿಗೆ ಸೇರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಬಿದ್ದ 20 ಮಿ.ಮೀ. ಗಟ್ಟಿಯಾಗಿ ಕಟ್ಟಿದ ಕೆಂಪು ಮಣ್ಣಿನ ಮೇಲೆ ಹರಿದು ಹೋಗುತ್ತದೆ. ಎರಡು ಗಂಟೆಯಲ್ಲಿ ಸೋನೆಯಾಗಿ ಬಿದ್ದ 20 ಮಿ.ಮೀ. ಇಂಗುತ್ತದೆ. ಮಾಪಕಕ್ಕೆ ಎರಡೂ ಒಂದೇ, ರೈತನಿಗೆ ಅಲ್ಲ. ಹೀಗಾಗಿ ಅನುಭವಸ್ಥರು ಮಳೆ ನಿಂತ ಮೇಲೆ ಹೊಲಕ್ಕೆ ಹೋಗಿ ಕುಳದಿಂದಲೋ ಗುದ್ದಲಿಯಿಂದಲೋ ಕೆದಕಿ, ಮೇಲಿನ ಒದ್ದೆಯ ಕೆಳಗೆ ಒಣ ಮಣ್ಣು ಎಷ್ಟು ಆಳಕ್ಕೆ ಸಿಗುತ್ತದೆ ನೋಡುತ್ತಾರೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬಿಟ್ಟರೆ ಉದುರುವಂತಿದ್ದರೆ ಹದ. ಮಳೆ ಬಂದದ್ದಕ್ಕೂ ಹದ ಮಳೆ ಬಂದದ್ದಕ್ಕೂ ಇರುವ ಅಂತರ ಅದು. ಹದ ಸಿಕ್ಕವರು ಹೆಸರು, ಅಲಸಂದೆ, ಎಳ್ಳಿನ ಬಿತ್ತನೆಗೆ ಇಳಿಯುತ್ತಾರೆ. ಸಿಗದವರು ಉತ್ತು ಬಿಟ್ಟು ಮುಂದಿನ ಮಳೆಗೆ ಕಾಯುತ್ತಾರೆ.

ನಲವತ್ತು ಕಿಲೋಮೀಟರ್ ಆಚೆ, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಇದೇ ಮಳೆಯ ಲೆಕ್ಕ ಬೇರೆ. ಅಲ್ಲಿ ಫೆಬ್ರುವರಿ ಮಾರ್ಚ್‌ನಲ್ಲೇ ಒಂದು ಹೂಮಳೆ ಬೇಕು. ಮೊಗ್ಗು ಒಣ ಹವೆಯಲ್ಲಿ ಮಲಗಿರುತ್ತದೆ. ಒಂದು ಇಂಚಿನಷ್ಟು ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಒಟ್ಟಿಗೆ ಬೆಳ್ಳಗೆ ಅರಳುತ್ತದೆ. ಕೆಲವು ವಾರಗಳ ಬಳಿಕ ಕಾಯಿ ಕಚ್ಚಲು ಇನ್ನೊಂದು ಮಳೆ. ಏಪ್ರಿಲ್ ಕೊನೆಯ ಮಳೆ ಆ ಎರಡನೆಯ ಪಾಲಿಗೆ ತಡವಾಗಿ ಬಂದ ನೆಂಟ. ಬೆಟ್ಟದ ಆ ಬದಿಯಲ್ಲಿ ತಡವಾದದ್ದೇ ಈ ಬದಿಯಲ್ಲಿ ಸಕಾಲ.

ಭರಣಿ ಮಳೆಯಿಂದ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ಇಲ್ಲಿನ ಹಿರಿಯರು ಈಗಲೂ ಹೇಳುತ್ತಾರೆ. ಮಳೆ ನಕ್ಷತ್ರಗಳು ಸೂರ್ಯನ ಚಲನೆಯನ್ನು ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಾಗಿ ಹಂಚಿದ ಪಂಚಾಂಗ. ಯಾವ ಹದಿನೈದು ದಿನದಲ್ಲಿ ಎಂಥ ಮಳೆ ನಿರೀಕ್ಷಿಸಬಹುದು ಎಂದು ತಲೆಮಾರುಗಳ ನೋಟ ಅದರಲ್ಲಿದೆ, ಆ ಮಟ್ಟಿಗೆ ಅದು ಗಟ್ಟಿ. ಬುಧವಾರ ಬರುತ್ತದೋ ಗುರುವಾರವೋ ಎಂದು ಅದನ್ನು ಕೇಳಬಾರದು. ಅದು ಆ ಪ್ರಶ್ನೆಗಾಗಿ ಮಾಡಿದ್ದಲ್ಲ.

ಕಡೂರಿಗೆ ಈ ವಾರಗಳು ಏಕೆ ಮುಖ್ಯ ಎಂಬುದು ಜೂನ್ ಬಂದಾಗ ಗೊತ್ತಾಗುತ್ತದೆ. ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ಕೆಲವೇ ದಿನಗಳಲ್ಲಿ ಗಾಳಿ ಪಶ್ಚಿಮದಿಂದ ಒಂದೇ ಸಮನೆ ಬೀಸತೊಡಗುತ್ತದೆ. ಗಾಳಿಗಳ ಗಡಿ ಅಳಿಸಿಹೋಗುತ್ತದೆ, ನೆಲ ಮೊದಲಿನಂತೆ ಕಾಯುವುದಿಲ್ಲ, ಗುಡುಗುಮೋಡದ ಯಂತ್ರ ನಿಲ್ಲುತ್ತದೆ. ಬೆಟ್ಟದ ಪಶ್ಚಿಮದ ಮೈ ಮಳೆಯನ್ನೆಲ್ಲ ಹಿಂಡಿಕೊಂಡು ಮಿಕ್ಕ ಗಾಳಿಯನ್ನು ಈ ಕಡೆಗೆ ಕಳುಹಿಸುತ್ತದೆ. ಇಳಿಜಾರಿನಲ್ಲಿ ಇಳಿಯುವ ಗಾಳಿ ಬಿಸಿಯಾಗಿ ಒಣಗುತ್ತದೆ. ಜುಲೈನಲ್ಲಿ ಕಡೂರಿನವರಿಗೆ ಸಿಗುವುದು ದಿನವಿಡೀ ಓಡುವ ಮೋಡ, ಜೋರು ಗಾಳಿ, ಆಗಾಗ ತುಂತುರು. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಕಾಣುವ ಈ ಊರಿಗೆ ದೊಡ್ಡ ಪಾಲು ಬರುವುದು ಎರಡು ತುದಿಗಳಲ್ಲಿ: ಮೇ ತಿಂಗಳ ಗುಡುಗಿನಲ್ಲಿ, ಮತ್ತೆ ಗಾಳಿ ತಿರುಗಿ ಅದೇ ಯಂತ್ರ ಶುರುವಾಗುವ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. ಆಗಲೂ ಬೀರೂರಿಗೆ ಬಂದು ಕಡೂರಿಗೆ ಬಾರದ ಸಂಜೆಗಳು ಇದ್ದೇ ಇರುತ್ತವೆ. ಕಡೂರಿಗೆ ಬಂದು ಬೀರೂರಿಗೆ ಬಾರದವೂ ಅಷ್ಟೇ ಇರುತ್ತವೆ, ಅವುಗಳ ಬಗ್ಗೆ ಮಾತಾಡುವವರು ಬೀರೂರಿನಲ್ಲಿರುತ್ತಾರೆ.